ಮರುಕವೂ ವಾರದೂಟವೂ

ಅರಿವು ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಇದ್ದ ತೂಕ ಈಚೆಗೆ ಕಡಿಮೆಯಾಗಿದೆಯೆಂದು ನನಗೆ ತೋರುತ್ತದೆ. ಹಿಂದೆ ಅರಿವೆಂದರೆ ಬಾಳುವೆಯ ಬಗೆಯನ್ನೇ ಬದಲಿಸತಕ್ಕ ಸಂಗತಿಯಾಗಿತ್ತು. ಅದರ ಒಂದು ಕಿಡಿಗಾಗಿ ಶರಣರು ಆಯುಷ್ಯ ಸವೆಸಿದರು. ಈಗ ಜೂನ್ ೧೨ಕ್ಕೆ ಬಾಲಕಾರ್ಮಿಕರ ವಿಷಯದ ಅರಿವು, ನವೆಂಬರ್ ೧೪ಕ್ಕೆ ಮಕ್ಕಳ ದಿನದ ಅರಿವು, ನಡುವೆ ಹಸಿದವರ ಅರಿವು, ಅನಾಥರ ಅರಿವು, ಹೀಗೆ ಸಾಲಾಗಿ ನಮ್ಮ ಮೊಬೈಲಿಗೆ ಬರುತ್ತವೆ. ಮರುದಿನದ ಶುಭೋದಯದ ಹೂಗಳ ಕೆಳಗೆ ಹೂತು ಹೋಗುತ್ತವೆ. ಬಂದಾಗ ನಾವು ಮರುಗುವುದು ಸುಳ್ಳಲ್ಲ. ಮರುದಿನ ಮರೆಯುವುದೂ ಸುಳ್ಳಲ್ಲ. ಈ ಎರಡು ನಿಜಗಳ ನಡುವೆ ಒಂದು ಮಗುವಿನ ಊಟ, ಒಂದು ಚುಚ್ಚುಮದ್ದು, ಒಂದು ಜೊತೆ ಕನ್ನಡಕ ನಿಂತಿರುತ್ತದೆ. ಅದು ಮಗುವಿಗೆ ಮುಟ್ಟುವುದೋ ಇಲ್ಲವೋ ಎಂಬುದೇ ನಾನು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ.

ಮುದುಕರಾದವರು ಇಂಥ ವಿಷಯ ಬಂದಾಗ ಮೂಗು ಮುರಿಯುವುದು ವಾಡಿಕೆ. ಹುಡುಗರಿಗೆ ಬರೀ ತೋರಿಕೆ ಬೇಕು, ಬೆರಳ ತುದಿಯ ಪುಣ್ಯ ಬೇಕು, ಎಂದು ಹೇಳಿ ಮಗ್ಗಲು ಬದಲಿಸಿ ಮಲಗಿಬಿಡುತ್ತಾರೆ. ತಾವೂ ಏನೂ ಕೊಡುವುದಿಲ್ಲ! ಆ ಪಂಕ್ತಿಯಲ್ಲಿ ಕೂಡ್ರಲು ನನಗೆ ಮನಸ್ಸಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ಹುಡುಗಿಯಿದ್ದಾಳೆ. ದಿನಾಲೂ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಯ ಕಾಲೇಜಿಗೆ ಹೋಗಿ ಬರುವವಳು. ಹೋದ ವರ್ಷ ಮಕ್ಕಳ ದಿನದಂದು ನನ್ನ ಮೊಬೈಲಿಗೆ ಒಂದು ಚಿತ್ರ ಕಳಿಸಿ, “ಅಜ್ಜಾ, ನೀವೂ ಇದನ್ನ ಹಾಕ್ರಿ” ಎಂದಳು.

“ಹಾಕಿದರ ಏನಾಗ್ತದವಾ?”

“ಮಂದಿಗೆ ಗೊತ್ತಾಗ್ತದರಿ.”

“ಗೊತ್ತಾದ ಮ್ಯಾಲೆ?”

“ಗೊತ್ತಾಗದನ ಯಾರರೆ ಏನರೆ ಮಾಡ್ತಾರೇನ್ರಿ ಅಜ್ಜಾ?”

ಅವಳ ಮಾತನ್ನು ತೆಗೆದುಹಾಕುವಂತಿಲ್ಲ. ತಿಳಿಯದೆ ಕೊಟ್ಟವರು ಯಾರೂ ಇಲ್ಲ. ಆದರೆ ತಿಳಿದವರೆಲ್ಲ ಕೊಡುತ್ತಾರೆಯೇ? ಇಲ್ಲಿ ಊಹೆಗೆ ಕೆಲಸವಿಲ್ಲ, ಎಣಿಸಿ ನೋಡಿದವರಿದ್ದಾರೆ. ಸುಡಾನ ದೇಶದ ದಾರ್ಫುರ್ ಪ್ರಾಂತದ ಸಂತ್ರಸ್ತರಿಗಾಗಿ ಫೇಸ್‌ಬುಕ್ಕಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಹೆಸರು ಹಚ್ಚಿದ್ದರು. ಆ ಜನಸಂದಣಿಯ ಲೆಕ್ಕವನ್ನು ಸಮಾಜಶಾಸ್ತ್ರದ ಪಂಡಿತರು ೨೦೧೪ರಲ್ಲಿ ಪ್ರಕಟಿಸಿದರು. ನೂರಕ್ಕೆ ೯೯.೭೬ ಜನ ಅಲ್ಲಿ ಒಂದು ಕಾಸನ್ನೂ ಕೊಟ್ಟಿರಲಿಲ್ಲ. ಸಾವಿರ ಜನ ಮರುಗಿದರೆ ಕೈ ಬಿಚ್ಚಿದವರು ಇಬ್ಬರು, ಬಹಳವಾದರೆ ಮೂವರು. ಅದಕ್ಕೂ ಒಂದು ವರ್ಷ ಮೊದಲು, ೨೦೧೩ರಲ್ಲಿ, ಯುನಿಸೆಫ್ ಸಂಸ್ಥೆಯ ಸ್ವೀಡನ್ ಶಾಖೆಯವರು ಬೇಸತ್ತು ಒಂದು ಜಾಹೀರಾತು ಹೊರಡಿಸಿದ್ದರು. ನೀವು ಫೇಸ್‌ಬುಕ್ಕಿನಲ್ಲಿ ನಮ್ಮನ್ನು ಮೆಚ್ಚಿದರೆ ನಾವು ಪೋಲಿಯೋ ಲಸಿಕೆ ಹಾಕುವ ಮಕ್ಕಳ ಸಂಖ್ಯೆ ಸೊನ್ನೆ ಎಂಬುದು ಅದರ ತಾತ್ಪರ್ಯ. ಲಸಿಕೆಗೆ ರೊಕ್ಕ ಬೇಕು, ಮೆಚ್ಚುಗೆ ನಡೆಯುವುದಿಲ್ಲ ಎಂದು ಅಷ್ಟು ಮುಚ್ಚುಮರೆಯಿಲ್ಲದೆ ಹೇಳಿದ ಧರ್ಮಸಂಸ್ಥೆಯನ್ನು ನಾನು ಬೇರೆ ಕಂಡಿಲ್ಲ.

೨೦೧೦ರ ಕೊನೆಯಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಮಕ್ಕಳ ಮೇಲಿನ ದೌರ್ಜನ್ಯವನ್ನು ವಿರೋಧಿಸುವುದಕ್ಕಾಗಿ ಎಲ್ಲರೂ ತಮ್ಮ ಭಾವಚಿತ್ರ ತೆಗೆದು ತಾವು ಬಾಲ್ಯದಲ್ಲಿ ಮೆಚ್ಚಿದ ಕಾರ್ಟೂನಿನ ಚಿತ್ರ ಇಡಬೇಕೆಂಬ ಸುದ್ದಿ ದೇಶದಿಂದ ದೇಶಕ್ಕೆ ಹಬ್ಬಿತು. ಲಕ್ಷಾಂತರ ಜನ ಇಟ್ಟರು. ಆ ಹೊತ್ತಿಗೆ ಬ್ರಿಟನ್ನಿನ ಮಕ್ಕಳ ರಕ್ಷಣೆಯ ಹಳೆಯ ಸಂಸ್ಥೆಯೊಂದು, ಇದನ್ನು ತಾನು ಆರಂಭಿಸಿಲ್ಲ, ಆದರೂ ಜನ ಈ ಕಡೆ ಲಕ್ಷ್ಯ ಕೊಟ್ಟರೆ ಸಂತೋಷ, ಎಂದು ತಿಳಿಸಬೇಕಾಯಿತು. ಮದುವೆಯ ಮೆರವಣಿಗೆ ಹೊರಟಿದೆ, ವಾದ್ಯವಿದೆ, ದೀಪವಿದೆ. ಬೀಗರ ಮನೆ ಯಾವುದೆಂದು ಮಾತ್ರ ಯಾರಿಗೂ ಗೊತ್ತಿಲ್ಲ.

ಹೀಗೇಕೆ ಆಗುತ್ತದೆ? ಜನ ಕೆಟ್ಟವರೆಂದೇ? ನನಗೆ ಹಾಗೆನ್ನಿಸುವುದಿಲ್ಲ. ಕೆನಡಾ ದೇಶದಲ್ಲಿ ಒಂದು ಪರೀಕ್ಷೆ ಮಾಡಿದರು. ಅದೂ ೨೦೧೪ರಲ್ಲೇ ಪ್ರಕಟವಾಯಿತು. ಯುದ್ಧದಲ್ಲಿ ಮಡಿದವರ ನೆನಪಿಗೆ ಅಲ್ಲಿ ಕೆಂಪು ಹೂವಿನ ಗುರುತು ಧರಿಸುವ ಪದ್ಧತಿಯಿದೆ. ಕೆಲವರಿಗೆ ಅದನ್ನು ಎಲ್ಲರಿಗೂ ಕಾಣುವಂತೆ ಎದೆಗೆ ಚುಚ್ಚಿದರು. ಕೆಲವರಿಗೆ ಲಕೋಟೆಯಲ್ಲಿ ಮುಚ್ಚಿ ಕೊಟ್ಟರು. ತುಸು ಮುಂದೆ ಹೋದ ಮೇಲೆ ದೇಣಿಗೆ ಕೇಳಿದಾಗ, ಎದೆಗೆ ಚುಚ್ಚಿಕೊಂಡವರಿಗಿಂತ ಲಕೋಟೆಯವರು ಹೆಚ್ಚು ಕೊಟ್ಟರು. ಎದೆಯ ಮೇಲಿನ ಹೂ ಆಗಲೇ ಅವರ ಪರವಾಗಿ ಮಾತಾಡಿಬಿಟ್ಟಿತ್ತು. ನಾನು ಒಳ್ಳೆಯವನೆಂದು ನಾಲ್ಕು ಜನಕ್ಕೆ ತಿಳಿದಾಯಿತು. ಇನ್ನು ಕೊಡುವ ಅವಸರವೇನು?

ಇಷ್ಟಕ್ಕೇ ನಿಂತರೆ, ತೋರಿಕೆಯೇ ಕೆಟ್ಟದ್ದು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ಎಂದು ಪ್ರಕರಣ ಮುಗಿಸಬಹುದು. ಆದರೆ ನಮ್ಮ ನೆಲದ ಒಂದು ದೊಡ್ಡ ನಿದರ್ಶನ ಅದಕ್ಕೆ ಅಡ್ಡ ಬರುತ್ತದೆ. ಗದಗು ೧೯೯೭ರವರೆಗೆ ಧಾರವಾಡ ಜಿಲ್ಲೆಯೊಳಗೇ ಇತ್ತು. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮವನ್ನು ಅರಿಯದ ಕನ್ನಡಿಗರು ಕಡಿಮೆ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ, ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಅಂಧ ಮಕ್ಕಳನ್ನೂ ಬಡ ಮಕ್ಕಳನ್ನೂ ಕೂಡಿಸಿಕೊಂಡು ಸಂಗೀತ ಕಲಿಸಿದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಆ ಭಾರ ಹೊತ್ತರು. ಅಷ್ಟು ಮಕ್ಕಳ ಹೊಟ್ಟೆಗೆ ದಾರಿ ಏನು? ನಾಟಕ ಕಂಪನಿ ಕಟ್ಟಿದರು. ಊರೂರಿಗೆ ಹೋಗಿ ಡೇರೆ ಹಾಕಿದರು, ಹಾಡಿದರು, ಬಣ್ಣ ಹಚ್ಚಿದರು. ಬಂದ ಹಣದಲ್ಲಿ ಆಶ್ರಮದ ಒಲೆ ಉರಿಯಿತು. ಮುಂದೆ ಭಕ್ತರು ಪುಟ್ಟರಾಜರನ್ನು ತಕ್ಕಡಿಯಲ್ಲಿ ಕೂಡ್ರಿಸಿ ನಾಣ್ಯದಿಂದ ತೂಗಿದರು. ತುಲಾಭಾರದ ಆ ನಾಣ್ಯವೂ ಮಕ್ಕಳ ಅನ್ನವಾಯಿತು. ನಾಟಕಕ್ಕಿಂತ ದೊಡ್ಡ ತೋರಿಕೆ ಯಾವುದಿದೆ? ಊರ ನಡುವೆ ತಕ್ಕಡಿ ನಿಲ್ಲಿಸುವುದಕ್ಕಿಂತ ದೊಡ್ಡ ಡಂಗುರ ಯಾವುದಿದೆ? ಆದರೂ ಅಲ್ಲಿ ಒಂದು ಕಟ್ಟುನಿಟ್ಟು ಇತ್ತು. ಟಿಕೇಟು ತೆಗೆಯದೆ ನಾಟಕ ಕಾಣುವಂತಿರಲಿಲ್ಲ. ನಾಣ್ಯ ಹಾಕದೆ ತಕ್ಕಡಿಯ ಪರಡಿ ಏಳುವಂತಿರಲಿಲ್ಲ. ನೋಡುವುದೂ ಕೊಡುವುದೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತಿದ್ದವು. ನೋಡಿದವನು ಹೊಗಳಿಕೆಗಾಗಿ ಬಂದನೋ, ಪುಣ್ಯಕ್ಕಾಗಿ ಬಂದನೋ, ಬರೀ ಸಂಗೀತದ ಹುಚ್ಚಿಗಾಗಿ ಬಂದನೋ, ಪೆಟ್ಟಿಗೆಯಲ್ಲಿ ಬಿದ್ದ ಎಂಟಾಣೆಗೆ ಅದರ ಗೊಡವೆ ಇರಲಿಲ್ಲ.

೨೦೧೪ರ ಬೇಸಿಗೆಯಲ್ಲಿ ಅಮೇರಿಕದಿಂದ ಹೊರಟು ಜಗತ್ತನ್ನೆಲ್ಲ ಸುತ್ತಿದ ಐಸ್ ನೀರಿನ ಪಂಥವನ್ನು ಓದುಗರು ಮರೆತಿರಲಾರರು. ನರಗಳು ಬಾಡಿ ಸ್ನಾಯುಗಳು ಸೋತುಹೋಗುವ ಒಂದು ಕ್ರೂರ ರೋಗದ ಸಲುವಾಗಿ, ತಲೆಯ ಮೇಲೆ ಹಿಮದ ನೀರು ಸುರಿದುಕೊಳ್ಳಬೇಕು, ಇಲ್ಲವೆ ೨೪ ತಾಸಿನೊಳಗೆ ಹಣ ಕೊಡಬೇಕು. ಹುಚ್ಚಾಟವೆಂದು ನಕ್ಕವರು ಬಹಳ. ಆದರೆ ಅಮೇರಿಕದ ಆ ಒಂದು ಸಂಸ್ಥೆಗೇ ಸುಮಾರು ೧೧.೫ ಕೋಟಿ ಡಾಲರು ಬಂದು ಬಿತ್ತು. ಆ ಆಟದ ನಿಯಮದಲ್ಲೇ ದೇಣಿಗೆ ಸೇರಿತ್ತು, ಗಡುವೂ ಸೇರಿತ್ತು; ಗದಗಿನ ಟಿಕೇಟಿನ ಯುಕ್ತಿಯೇ ಬೇರೆ ವೇಷದಲ್ಲಿ. ಅದೇ ಆಗಸ್ಟದಲ್ಲಿ ಹೈದರಾಬಾದಿನ ಪತ್ರಕರ್ತೆ ಮಂಜುಲತಾ ಕಲಾನಿಧಿಯವರು ಇದನ್ನು ನಮ್ಮ ದೇಶಕ್ಕೆ ಒಗ್ಗಿಸಿದರು. ನೀರಿನ ಬದಲು ಒಂದು ಬಕೀಟು ಅಕ್ಕಿ; ತಲೆಯ ಮೇಲೆ ಸುರಿಯುವ ಬದಲು ಹಸಿದವರ ಮನೆಗೆ. ಎಂಥ ಜಾಣತನ! ಅಕ್ಕಿಯನ್ನು ಕೊಟ್ಟಲ್ಲದೆ ಆ ಆಟ ಆಡಲಿಕ್ಕೇ ಬರುವುದಿಲ್ಲ.

ಹಾಗಾದರೆ ಪ್ರಶ್ನೆ ತೀರಿತೇ? ಇಲ್ಲ. ನಾಟಕ ಕಂಪನಿ ಡೇರೆ ಕಿತ್ತ ಮೇಲೆ ಏನು? ಪಂಥದ ಬಕೀಟು ಬಚ್ಚಲಿಗೆ ಮರಳಿದ ಮೇಲೆ ಏನು? ಮಗುವಿಗೆ ಹಸಿವು ನವೆಂಬರ್ ೧೪ಕ್ಕೆ ಮಾತ್ರ ಆಗುವುದಿಲ್ಲ. ಇಲ್ಲಿ ನನಗೆ ಧಾರವಾಡದ ವಾರಾನ್ನದ ಪದ್ಧತಿ ನೆನಪಿಗೆ ಬರುತ್ತದೆ.

ಈಗಿನ ಎಳೆಯರಿಗೆ ಅದನ್ನು ತಿಳಿಸಿ ಹೇಳಬೇಕಾದೀತು. ಹಳ್ಳಿಗಳಿಂದ ಬಡ ಹುಡುಗರು ಕಲಿಯಲಿಕ್ಕೆ ಧಾರವಾಡಕ್ಕೆ ಬರುತ್ತಿದ್ದರು. ತಲೆಯ ಮೇಲೊಂದು ಸೂರು ಹೇಗೋ ಸಿಗುತ್ತಿತ್ತು, ಊಟದ್ದೇ ಚಿಂತೆ. ಆಗ ಏಳು ಮನೆ ಹಿಡಿಯಬೇಕು. ಸೋಮವಾರ ಒಬ್ಬರಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ. ಏಳೂ ಸಿಕ್ಕವನು ಭಾಗ್ಯವಂತ. ಐದು ಸಿಕ್ಕವನು ಎರಡು ದಿನ ಮಾಳಮಡ್ಡಿಯ ಗಾಳಿ ಕುಡಿದು ಅಭ್ಯಾಸ ಮಾಡಬೇಕು. ನಮ್ಮ ಮನೆಯಲ್ಲಿ ಬ್ರಸ್ಪತವಾರ ಒಬ್ಬ ಹುಡುಗನಿಗೆ ಮೀಸಲಾಗಿತ್ತು. ಹಿಂದಿನ ಬಾಗಿಲಿನಿಂದ ಬಂದು, ಕಾಲು ತೊಳೆದು, ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದ. ಎರಡನೆಯ ಸಲ ಬಡಿಸಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದ. ನನ್ನ ತಾಯಿ ಆ ಕೈಯನ್ನು ಲೆಕ್ಕಿಸದೆ ಬಡಿಸುತ್ತಿದ್ದಳು.

ನನ್ನ ತಾಯಿ ಮಹಾ ಕರುಣಾಮಯಿ ಎಂದು ನಾನು ಬರೆದರೆ ಓದುವವರಿಗೆ ಹಿತವಾದೀತು. ಆದರೆ ನಿಜ ಹಾಗಿರಲಿಲ್ಲ. ಎಷ್ಟೋ ಬ್ರಸ್ಪತವಾರ ಅವಳಿಗೆ ತಲೆನೋವು ಇರುತ್ತಿತ್ತು. ತಿಂಗಳ ಕೊನೆಗೆ ಜೋಳದ ಹಿಟ್ಟು ತಳ ಕಂಡಿರುತ್ತಿತ್ತು. “ಇವತ್ತೂ ಬಂದನೇನವಾ” ಎಂದು ಗೊಣಗಿದ್ದನ್ನೂ ನಾನು ಕೇಳಿದ್ದೇನೆ. ಆದರೂ ಭಕ್ರಿ ಬಡಿಯುವಾಗ ಎರಡು ಹೆಚ್ಚಿಗೆ ಬಡಿಯುತ್ತಿದ್ದಳು. ತವರಿಗೆ ಹೋಗುವುದಿದ್ದರೆ ಪಕ್ಕದ ಮನೆಯವರಿಗೆ, “ಈ ಬ್ರಸ್ಪತವಾರ ನೀವು ನೋಡಿಕೋರಿ, ನಿಮ್ಮ ಮಂಗಳವಾರ ನಾ ಒಂದಿನ ನೋಡಿಕೋತೇನಿ” ಎಂದು ಹೇಳಿಯೇ ಗಾಡಿ ಹತ್ತುತ್ತಿದ್ದಳು. ಮೊದಲ ದಿನ ಆ ಹುಡುಗ ಬಾಗಿಲಲ್ಲಿ ನಿಂತಾಗ ಅವಳಿಗೆ ಮರುಕ ಬಂದದ್ದು ನಿಶ್ಚಯ. ಆ ಮರುಕ ಎಷ್ಟು ದಿನ ಬಾಳಿತೋ ತಿಳಿಯದು. ಬಹುಶಃ ಎರಡು ವಾರ. ಹುಡುಗ ಉಂಡದ್ದು ನಾಲ್ಕು ವರ್ಷ. ಮರುಕವಿಲ್ಲದ ಬ್ರಸ್ಪತವಾರಗಳಲ್ಲಿಯೂ ತಟ್ಟೆ ಇರುತ್ತಿತ್ತು. ಯಾಕೆಂದರೆ ಮರುಕ ಬಂದ ಒಂದು ಗಳಿಗೆಯಲ್ಲಿ ಅವಳು ಒಂದು ವಾರವನ್ನು ಒಪ್ಪಿಕೊಂಡಿದ್ದಳು. ಅಲ್ಲಿಂದ ಮುಂದೆ ಅದು ಅವಳ ಭಾವನೆಗೆ ಸೇರಿದ ಸಂಗತಿಯಾಗಿ ಉಳಿಯಲಿಲ್ಲ. ಹುಡುಗನಿಗೆ ಸಲ್ಲತಕ್ಕ ಬಾಕಿಯಾಯಿತು.

ಇದೇ ನನಗೆ ಮುಖ್ಯವೆನಿಸುವ ಸಂಗತಿ. ಮರುಕ ಎಲ್ಲರಿಗೂ ಬರುತ್ತದೆ, ಬೇಗ ಹೋಗುತ್ತದೆ. ಅದು ಅದರ ಸ್ವಭಾವ, ದೋಷವಲ್ಲ. ಅದು ಇರುವಾಗಲೇ ಅದರ ಕೈಯಿಂದ ಒಂದು ಮಾತು ಬರೆಸಿಕೊಳ್ಳಬೇಕು: ಇಂಥ ದಿನ, ಇಷ್ಟು. ಪರದೇಶದ ಒಂದು ಲೆಕ್ಕ ನನ್ನ ತಾಯಿಯ ಕಡೆಗೇ ಸಾಕ್ಷಿ ಹೇಳುತ್ತದೆ. ೨೦೧೫ರ ಸಪ್ಟಂಬರದಲ್ಲಿ ಸಿರಿಯಾದ ಪುಟ್ಟ ಬಾಲಕ ಅಲಾನ್ ಕುರ್ದಿಯ ಶವ ಕಡಲದಂಡೆಯಲ್ಲಿ ಬಿದ್ದ ಚಿತ್ರವನ್ನು ಜಗತ್ತೆಲ್ಲ ನೋಡಿತು. ಸಿರಿಯಾದ ನಿರಾಶ್ರಿತರಿಗಾಗಿ ಸ್ವೀಡನ್ನಿನ ರೆಡ್‌ಕ್ರಾಸ್ ತೆರೆದಿದ್ದ ನಿಧಿಗೆ ದಿನಕ್ಕೆ ಬರುತ್ತಿದ್ದ ಹಣ ಆ ವಾರ ೫೫ ಪಟ್ಟು ಏರಿತು. ಆರು ವಾರಗಳಲ್ಲಿ ಆ ಪ್ರವಾಹ ಇಳಿದುಹೋಯಿತು. ಆದರೆ ಆ ದಿನಗಳಲ್ಲೇ ತಿಂಗಳ ತಿಂಗಳು ಕೊಡುತ್ತೇವೆಂದು ಹೆಸರು ಹಚ್ಚಿದವರು ಹಿಂದಿನದರ ಹತ್ತು ಪಟ್ಟಾಗಿದ್ದರು. ಅವರಲ್ಲಿ ಮುಂದಿನ ಜನವರಿಯವರೆಗೆ ಮಾತು ಹಿಂತೆಗೆದುಕೊಂಡವರು ಇಲ್ಲವೆನ್ನುವಷ್ಟು ಕಡಿಮೆ. ಪ್ರವಾಹದ ನೀರನ್ನು ಬೊಗಸೆಯಲ್ಲಿ ಹಿಡಿದವರ ಕೈ ಒಣಗಿತು, ಕೆರೆಗೆ ತಿರುಗಿಸಿದವರದು ಉಳಿಯಿತು.

ವಾರಾನ್ನವನ್ನು ಹೊಗಳುತ್ತ ಅದರ ಕರಿಯ ಮಗ್ಗಲನ್ನು ಮುಚ್ಚಿಡುವುದು ನ್ಯಾಯವಲ್ಲ. ಬಹುತೇಕ ಅದು ಜಾತಿಯ ಒಳಗಿನ ಉಪಕಾರ. ನಮ್ಮ ಹಿಂದಿನ ಬಾಗಿಲಿಗೆ ಬರುವ ಹುಡುಗ ಯಾರ ಮಗನೆಂಬುದು ಮೊದಲೇ ಗೊತ್ತಾಗಿರುತ್ತಿತ್ತು. ಬೇರೆಯವರ ಮಗನ ಹಸಿವು ಆ ಬಾಗಿಲ ತನಕ ಬರುವಂತೆಯೇ ಇರಲಿಲ್ಲ. ಆ ಕೊರತೆಯನ್ನು ಕಂಡೇ ದೊಡ್ಡ ಮನಸ್ಸಿನವರು ಬೇರೆ ಮಾರ್ಗ ಹಿಡಿದರು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಮೃತ್ಯುಂಜಯ ಅಪ್ಪಗಳು ಹಳ್ಳಿಯ ಬಡ ಮಕ್ಕಳಿಗೆ ಪಂಕ್ತಿ ಹಾಕಿಸಿದರು. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲರೂ ನಾಗಮ್ಮ ಪಾಟೀಲರೂ ಹರಿಜನ ಬಾಲಿಕೆಯರಿಗಾಗಿ ಆಶ್ರಮ ನಡೆಸಿದರು. ಅಲ್ಲಿ ಊಟ ಬಡಿಸುವ ಮನೆಯ ಮುಖ ನೋಡಬೇಕಾಗಿರಲಿಲ್ಲ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುವ ಸಂಕೋಚ ಅಷ್ಟರ ಮಟ್ಟಿಗೆ ಕಡಿಮೆಯಾಯಿತು.

ಕೊನೆಗೆ ಸರಕಾರವೇ ವಾರ ಹಿಡಿಯಿತು. ೨೦೦೧ರ ನವೆಂಬರದಲ್ಲಿ ಸುಪ್ರೀಂ ಕೋರ್ಟು ಶಾಲೆಯ ಮಕ್ಕಳಿಗೆ ಬಿಸಿಯೂಟ ಕೊಡಲೇಬೇಕೆಂದು ಆಜ್ಞೆ ಮಾಡಿತು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ೨೦೦೨ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಆರಂಭವಾಗಿ ಮರುವರ್ಷ ಇತ್ತ ಬಂತು. ಹುಬ್ಬಳ್ಳಿ ಧಾರವಾಡದ ನಡುವೆ ರಾಯಾಪುರದಲ್ಲಿ ಅಕ್ಷಯಪಾತ್ರೆಯವರ ದೊಡ್ಡ ಅಡಿಗೆಮನೆ ಇದೆ. ಅಲ್ಲಿ ಸರಕಾರದ ಧಾನ್ಯವೂ ದಾನಿಗಳ ಹಣವೂ ಒಂದೇ ಹಂಡೆಯಲ್ಲಿ ಬೇಯುತ್ತವೆ. ಹೀಗಿರುವಾಗ ದಾನವೇಕೆ, ತೆರಿಗೆ ಸಾಲದೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯಲ್ಲಿ ಹುರುಳಿದೆ. ಮಗುವಿಗೆ ಹಕ್ಕಾಗಿ ಸಿಕ್ಕದ್ದು ಕೃಪೆಯಾಗಿ ಸಿಕ್ಕದ್ದಕ್ಕಿಂತ ಯಾವಾಗಲೂ ಮೇಲು. ಅದಕ್ಕಾಗಿ ಒತ್ತಾಯಿಸುವುದು ದಾನಕ್ಕಿಂತ ದೊಡ್ಡ ಕೆಲಸವೆಂದೇ ನಾನು ತಿಳಿದಿದ್ದೇನೆ. ಆದರೆ ಹಕ್ಕಿನ ಚಾಚುವಿಕೆಗೆ ಸಿಕ್ಕದ ಮೂಲೆಗಳು ಇದ್ದೇ ಇರುತ್ತವೆ. ದೊಡ್ಡಾಸ್ಪತ್ರೆಯಲ್ಲಿ ಔಷಧ ಉಚಿತವಾದರೂ ಹಳ್ಳಿಯಿಂದ ಮಗುವಿನೊಡನೆ ಬಂದ ತಾಯಿಯ ಎರಡು ಹೊತ್ತಿನ ಊಟ, ಬಸ್ಸಿನ ಚಾರ್ಜು, ಮುರಿದ ಶ್ರವಣಯಂತ್ರದ ರಿಪೇರಿ, ರಜೆಯಲ್ಲಿ ಬಿಸಿಯೂಟ ನಿಂತಾಗಿನ ಹಸಿವು — ಇವು ಯಾವ ಕಚೇರಿಯ ಕಡತದಲ್ಲೂ ಪೂರ್ತಿ ಹಿಡಿಸುವುದಿಲ್ಲ.

ಇನ್ನೊಂದು ತೊಡಕಿದೆ, ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಇದೇ. ಕೊಡುವವರ ಕೈ ಬಿಚ್ಚಿಸಲು ಎಲ್ಲಕ್ಕಿಂತ ಸುಲಭವಾದ ಉಪಾಯ ಮಗುವಿನ ಮುಖ ತೋರಿಸುವುದು. ೨೦೦೭ರಲ್ಲಿ ಪ್ರಕಟವಾದ ಒಂದು ಅಮೇರಿಕನ್ ಪರೀಕ್ಷೆಯಲ್ಲಿ, ಕೈಗೆ ಐದು ಡಾಲರು ಕೊಟ್ಟು ದಾನ ಕೇಳಿದರು. ಆಫ್ರಿಕದ ಹಸಿದ ಲಕ್ಷಾಂತರ ಜನರ ಅಂಕಿ ಓದಿದವರು ಸರಾಸರಿ ೧.೧೪ ಡಾಲರು ಕೊಟ್ಟರು. ಒಬ್ಬ ಏಳು ವರ್ಷದ ಹುಡುಗಿಯ ಚಿತ್ರ ನೋಡಿದವರು ೨.೩೮. ಎರಡನ್ನೂ ಕೂಡಿಸಿ ತೋರಿಸಿದಾಗ ದೇಣಿಗೆ ೧.೪೩ಕ್ಕೆ ಇಳಿಯಿತು. ಅಂಕಿ ಮರುಕವನ್ನು ತಣ್ಣಗೆ ಮಾಡಿತು. ಇದು ಗೊತ್ತಿರುವುದರಿಂದಲೇ ಮೊಬೈಲಿನಲ್ಲಿ ಅಳುವ ಕಣ್ಣು, ಕೊಳವೆ ಹಾಕಿದ ಮೂಗು, ಹರಿದ ಅಂಗಿ ಮತ್ತೆ ಮತ್ತೆ ಬರುತ್ತವೆ. ಹಣ ಕೂಡುವುದು ನಿಜ. ಆದರೆ ಅದರ ಬೆಲೆಯನ್ನು ತೆತ್ತವರು ಯಾರು? ವಾರದ ಹುಡುಗನನ್ನು ನಮ್ಮ ಓಣಿಯ ಹತ್ತು ಮನೆಯವರು ನೋಡುತ್ತಿದ್ದರು. ಅಷ್ಟಕ್ಕೇ ಅವನು ಗೋಡೆಯ ಕಡೆ ತಿರುಗಿ ಕೂಡುತ್ತಿದ್ದ. ಇಂದಿನ ಮಗುವಿಗೆ ತಿರುಗಿ ಕೂಡಲು ಗೋಡೆಯೇ ಇಲ್ಲ. ಅದು ಬೆಳೆದು ಇಪ್ಪತ್ತು ವರ್ಷದವನಾದಾಗಲೂ ಆ ಚಿತ್ರ ಎಲ್ಲೋ ಇರುತ್ತದೆ. ೨೦೧೫ರ ಬಾಲನ್ಯಾಯ ಕಾಯಿದೆಯ ೭೪ನೆಯ ಕಲಮು ಪಾಲನೆ ಪೋಷಣೆಯ ಅಗತ್ಯವುಳ್ಳ ಮಗುವಿನ ಗುರುತನ್ನು ಪ್ರಕಟಿಸಬಾರದೆಂದು ಹೇಳುತ್ತದೆ. ಕಾಯಿದೆ ಇರದಿದ್ದರೂ ನಮಗೆ ನಾಚಿಕೆ ಇರಬೇಕಿತ್ತು.

ಹಾಗಾದರೆ ಮುಖವನ್ನು ಮುಚ್ಚಿ ಕೈಯನ್ನು ಬಿಚ್ಚಿಸುವುದು ಹೇಗೆ? ಮನುಷ್ಯನ ಮನಸ್ಸಿಗೆ ಹಿಡಿಯಲು ಏನಾದರೊಂದು ಗಟ್ಟಿಯಾದದ್ದು ಬೇಕು. ‘ಬಡ ಮಕ್ಕಳು’ ಎಂಬ ಮಾತು ಬೆರಳ ಸಂದಿನಲ್ಲಿ ಸೋರಿಹೋಗುತ್ತದೆ. ಆ ಗಟ್ಟಿ ವಸ್ತು ಮಗುವೇ ಆಗಬೇಕೆಂದೇನೂ ಇಲ್ಲ. ಅದು ವಾರವೇ ಆಗಬಹುದು. ಹುಡುಗ ಯಾರಾದರೂ ಆಗಿರಲಿ, ಬ್ರಸ್ಪತವಾರ ನನ್ನದು. ಎಂಟು ತಟ್ಟೆ, ಇಷ್ಟು ಬೇಳೆ, ಇಷ್ಟು ರೂಪಾಯಿ. ಯುಪಿಐ ೨೦೧೬ರಲ್ಲಿ ಬಂದಿತು. ಒಮ್ಮೆ ಒಪ್ಪಿಗೆ ಕೊಟ್ಟರೆ ತಿಂಗಳ ತಿಂಗಳು ತಾನಾಗಿ ಹಣ ಸಲ್ಲುವ ಏರ್ಪಾಡು ೨೦೨೦ರಿಂದ ಇದೆ. ಸಿನಿಮಾ ನೋಡುವ ಚಂದಾ ಹಾಗೆಯೇ ಹೋಗುತ್ತಿರುತ್ತದೆ, ನಮಗೆ ನೆನಪೂ ಇರುವುದಿಲ್ಲ. ನನ್ನ ತಾಯಿಗೆ ಜೋಳದ ಹಿಟ್ಟಿನ ಡಬ್ಬಿ ಬಡಿದು ನೋಡಬೇಕಾಗಿತ್ತು. ನಮಗೆ ಅಷ್ಟೂ ಕಷ್ಟವಿಲ್ಲ.

ಇದನ್ನೆಲ್ಲ ಆ ಹುಡುಗಿಯ ಮುಂದೆ ಹೇಳಿದೆ. ಅವಳು ನನ್ನ ಹಾಗೆ ಪ್ರಬಂಧ ಬರೆಯುವವಳಲ್ಲ. ಎರಡು ದಿನದಲ್ಲಿ ಕೆಲಸ ಮಾಡಿ ಮುಗಿಸಿದಳು. ಊರ ಹೊರಗೆ ಒಂದು ಚಿಕ್ಕ ಮಕ್ಕಳ ವಸತಿನಿಲಯವಿದೆ. ಅಲ್ಲಿಗೆ ಹೋಗಿ ಲೆಕ್ಕದ ಪುಸ್ತಕ ನೋಡಿದಳು, ಸಂಜೆಯ ಊಟಕ್ಕೆ ದಿನಕ್ಕೆ ಎಷ್ಟು ಬೀಳುತ್ತದೆಂದು ಕೇಳಿ ಬರೆದುಕೊಂಡಳು. ಯಾವ ಮಗುವಿನ ಚಿತ್ರವನ್ನೂ ತೆಗೆಯಲಿಲ್ಲ. ಓಣಿಯ ವಾಟ್ಸಾಪ್ ಬಳಗಕ್ಕೆ ಏಳು ವಾರಗಳ ಒಂದು ಪಟ್ಟಿ, ವಸತಿನಿಲಯದ ಖಾತೆಯ ಕ್ಯೂಆರ್ ಚಿತ್ರ, ಅದರ ಕೆಳಗೆ “ನಿಮ್ಮ ವಾರ ಯಾವುದು?” ಎಂಬ ಒಂದು ಸಾಲು ಹಾಕಿದಳು. ಬಳಗದಲ್ಲಿ ಅರವತ್ತಕ್ಕೂ ಹೆಚ್ಚು ಜನರಿದ್ದೇವೆ. ಮೊದಲ ದಿನ ಮುಗಿದ ಕೈಗಳ ಚಿತ್ರ ನಲವತ್ತು ಬಂದವು, ವಾರ ಒಂದೂ ಬರಲಿಲ್ಲ. ಅವಳು ಸಿಟ್ಟಾಗದೆ ಪಟ್ಟಿಯನ್ನು ದಿನಾಲೂ ಸಂಜೆ ಆರಕ್ಕೆ ಮತ್ತೆ ಹಾಕುತ್ತ ಹೋದಳು. ಕಿರಾಣಿ ಅಂಗಡಿಯವರು ಸೋಮವಾರ ಹಿಡಿದರು. ತಿಂಗಳಿಗೊಮ್ಮೆ ಅಕ್ಕಿಯಾಗಿ ಕೊಡುತ್ತೇವೆಂದರು. ಮೂವರು ಪೆನ್ಶನ್‌ದಾರರು ಕೂಡಿ ಮಂಗಳವಾರವನ್ನು ಹಂಚಿಕೊಂಡರು. ಬ್ರಸ್ಪತವಾರವನ್ನು ಕೇಳುವ ಮೊದಲೇ ಅವಳು ನನ್ನ ಹೆಸರಿಗೆ ಬರೆದಿದ್ದಳು. ಬುಧವಾರ, ಶುಕ್ರವಾರ, ಶನಿವಾರ ಒಂದೊಂದಾಗಿ ಹೋದವು.

ರವಿವಾರ ಇನ್ನೂ ಖಾಲಿ ಇದೆ. ಮೊನ್ನೆ ಕೇಳಿದಾಗ, “ಆವತ್ತು ಎಲ್ಲಾರೂ ಮನ್ಯಾಗ ಇರ್ತಾರ್ರಿ ಅಜ್ಜಾ, ಖರ್ಚು ಭಾಳಂತ” ಎಂದು ನಕ್ಕು, ಆರು ಬಡಿಯಿತೆಂದು ಮೊಬೈಲು ತೆಗೆದಳು.